ತುಳಿಯುತ್ತಿದ್ದುದು ಮೋಟರು

ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಪುರುಸೊತ್ತಿಲ್ಲ. ಅಂಗಡಿಯವರಿಗಿಲ್ಲ, ಆಫೀಸಿನವರಿಗಿಲ್ಲ, ಒಲೆಯ ಮುಂದೆ ನಿಂತವರಿಗಂತೂ ಕೇಳುವುದೇ ಬೇಡ. ನಮ್ಮ ಟೈಲರ್ ಮಾಸ್ಟರು ಈ ಮಾತನ್ನು ಹುಟ್ಟುವಾಗಲೇ ಕಲಿತು ಬಂದವರ ಹಾಗಿದ್ದರು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದಾಗಲೂ ಅದೊಂದು ಮಾತು ಮಾತ್ರ ಸರಾಗವಾಗಿ ಹೊರಗೆ ಬರುತ್ತಿತ್ತು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆದ ಅಗಲದ ಬಾಗಿಲು, ಬಾಗಿಲ ಪಕ್ಕ ಹೊಲಿಗೆ ಯಂತ್ರ, ಅದರ ಹಿಂದೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಲ್ಲಿ ತೂಗುಬಿದ್ದ ಅರೆಬರೆ ಅಂಗಿಗಳು. ಕಿಟಕಿಯ ಬಳಿ ಒಂದು ಮೋಟು ಸ್ಟೂಲು. ಅದು ಮಾಸ್ಟರ ಹೆಂಡತಿಯ ಜಾಗ. ಅಂಚು ಮಡಿಸುವುದು, ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾದ ಸುತ್ತ ದಾರ ಹೆಣೆಯುವುದು, ಎಲ್ಲ ಅವಳದೇ. ಅವಳು ಹಾಕಿದ ಕಾಜಾ ಅಂಗಿ ಹರಿದರೂ ಬಿಚ್ಚುವುದಿಲ್ಲ ಎಂದು ಹೆಸರು. ಅದಕ್ಕೇ ಬೀದಿಯವರೆಲ್ಲ ಅವಳನ್ನು ಕಾಜಕ್ಕ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಮಗಳ ಫೋನು ಬಂತು. ಮಗಳ ಮನೆ ಅದೇ ಊರಿನ ಇನ್ನೊಂದು ತುದಿಯಲ್ಲಿ. ಅವಳ ಮಗುವಿಗೆ ಐದು ತಿಂಗಳು.

"ಅಮ್ಮಾ, ಮಗು ಇವತ್ತು ತಾನಾಗೇ ಬೋರಲು ಬಿತ್ತು. ಅಪ್ಪನ್ನ ಕರ್ಕೊಂಡು ಬಾ, ನೋಡ್ಲಿ."

ಕಾಜಕ್ಕ ಫೋನನ್ನು ಗಂಡನ ಕಿವಿಯ ಹತ್ತಿರ ಹಿಡಿದಳು. ಮಾಸ್ಟರು ಯಂತ್ರದಿಂದ ಕಣ್ಣೆತ್ತಲಿಲ್ಲ.

"ಈ ವಾರ ಪುರುಸೊತ್ತಿಲ್ಲಮ್ಮಾ. ಸ್ಕೂಲ್ ಯೂನಿಫಾರಂ ರಾಶಿ ಬಿದ್ದಿದೆ. ಮುಂದಿನ ವಾರ ನೋಡೋಣ."

"ಮುಂದಿನ ವಾರ, ಮುಂದಿನ ವಾರ ಅಂತ ಮಗೂಗೆ ಹಲ್ಲು ಬರೋ ಹೊತ್ತಾಯ್ತು." ಮಗಳ ದನಿ ಸಣ್ಣದಾಯಿತು. "ನಾವೇ ಎರಡು ಸಲ ಬಂದು ಹೋದ್ವಿ. ಮಗು ಹುಟ್ಟಿದ ಮೇಲೆ ನೀವು ನನ್ನ ಮನೆಗೆ ಕಾಲೇ ಇಟ್ಟಿಲ್ಲ. ನಾನೇನಾದ್ರೂ ತಪ್ಪು ಮಾಡಿದ್ರೆ ಬೈದುಬಿಡಿ ಅಪ್ಪಾ. ಈ ಥರ ದೂರ ಇಡಬೇಡಿ."

"ಛೆ, ಅದೇನು ಮಾತು," ಎಂದು ಮಾಸ್ಟರು ಗೊಣಗಿದರು. ಫೋನು ಇಟ್ಟಾಯಿತು. ಆದರೆ ಅವರು ಹೊಲಿಯುತ್ತಿದ್ದ ಜೇಬು ಸೊಟ್ಟಗಾಗಿತ್ತು. ಮೂವತ್ತು ವರ್ಷದ ಕೈ ಅದು. ಜೇಬು ಸೊಟ್ಟಗೆ ಹೊಲಿಯುವ ಕೈಯಲ್ಲ.

ಕಾಜಕ್ಕನಿಗೆ ವಿಷಯ ಗೊತ್ತಿತ್ತು. ಗೊತ್ತಿದೆ ಎಂದು ಗಂಡನಿಗೆ ಗೊತ್ತಿರಲಿಲ್ಲ.

ಮಗಳ ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟು ಇಲ್ಲ. ಹೋದ ವರ್ಷ ಮಗಳು ಆ ಮನೆಗೆ ಬಂದ ಹೊಸದರಲ್ಲಿ ಇಬ್ಬರೂ ಹೋಗಿದ್ದರು. ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಮಾಸ್ಟರ ಉಸಿರು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮುಖ ಬೆವೆತುಹೋಗಿತ್ತು. ಅವರು ಥಟ್ಟನೆ ಜೇಬಿನಿಂದ ಫೋನು ತೆಗೆದು ಕಿವಿಗೆ ಹಚ್ಚಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಹೂಂ ಸಾರ್... ನಾಳೆ ಕೊಡ್ತೀನಿ ಸಾರ್... ಇಲ್ಲ ಸಾರ್, ಕಾಲರು ಬದಲಾಯಿಸ್ತೀನಿ..."

ಅಷ್ಟರಲ್ಲಿ ಕಿವಿಗೆ ಹಚ್ಚಿದ ಫೋನೇ ರಿಂಗಾಯಿತು.

ಮಾಸ್ಟರು ಅದನ್ನು ಕಿವಿಯಿಂದ ತೆಗೆದು ನೋಡಿದರು. ಕಾಜಕ್ಕ ಗೋಡೆಯ ಸುಣ್ಣವನ್ನು ನೋಡುತ್ತ ನಿಂತಳು. ಸಂಸಾರ ಮಾಡುವವಳಿಗೆ ಎಲ್ಲಿ ನೋಡಬೇಕು ಎಂಬುದು ಎಷ್ಟು ಗೊತ್ತಿರಬೇಕೋ, ಎಲ್ಲಿ ನೋಡಬಾರದು ಎಂಬುದೂ ಅಷ್ಟೇ ಗೊತ್ತಿರಬೇಕು. ಆ ದಿನ ಹೇಗೋ ನಿಂತು ನಿಂತು ಹತ್ತಿ ಬಂದದ್ದೇ ಕೊನೆ, ಆಮೇಲೆ ಮಾಸ್ಟರು ಮಗಳ ಮನೆಯ ಕಡೆ ಮುಖ ಹಾಕಲಿಲ್ಲ. ಮಗು ಹುಟ್ಟಿದಾಗ ಆಸ್ಪತ್ರೆಗೇ ಓಡಿದರು. ಅಲ್ಲಿ ಲಿಫ್ಟು ಇತ್ತು. ಮನೆಗೆ ಮಾತ್ರ ಪುರುಸೊತ್ತಿಲ್ಲ.

ಕಾಜಕ್ಕ ಎಷ್ಟೋ ಸಲ ಮಗಳಿಗೆ ನಿಜ ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಗಂಡನ ಮಾನ ಹೋಗುತ್ತದೆ. ಹೇಳದಿದ್ದರೆ ಮಗಳ ಮನಸ್ಸು ಮುರಿಯುತ್ತದೆ. ಅವಳು ಸೂಜಿಗೆ ದಾರ ಪೋಣಿಸಿಕೊಂಡು ಮುಂದಿನ ಕಾಜಾ ಹಿಡಿದಳು.

ಅದೇ ದಿನ ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಅಂಗಡಿಗೆ ಬಂದರು. ಬೀದಿಯ ಎಷ್ಟೋ ಮಕ್ಕಳಿಗೆ ಚುಚ್ಚುಮದ್ದು ಹಾಕಿದ ಕೈ ಅವರದು. ಆದ್ದರಿಂದ ಅವರನ್ನು ಕಂಡರೆ ಮಕ್ಕಳು ಓಡುತ್ತಿದ್ದರು, ದೊಡ್ಡವರು ಕುರ್ಚಿ ಹಾಕುತ್ತಿದ್ದರು.

"ಏನ್ ಮಾಸ್ಟ್ರೇ, ನನ್ನ ಕೋಟು ಆಯ್ತಾ?"

"ನಾಳೆ ಸಿಸ್ಟರ್."

"ನಿಮ್ಮ ನಾಳೆ ಬಹಳ ಗಟ್ಟಿ ಬಟ್ಟೆ ಮಾಸ್ಟ್ರೇ. ಎಷ್ಟು ಎಳೆದ್ರೂ ಹರಿಯಲ್ಲ."

ಮಾಸ್ಟರು ನಕ್ಕು, ಮೊಳೆಗೆ ಹಾಕಿದ್ದ ಬಿಳಿ ಕೋಟು ತೆಗೆಯಲು ಎದ್ದರು. ಎದ್ದವರು ಮೇಜು ಹಿಡಿದುಕೊಂಡು ಒಂದು ಗಳಿಗೆ ನಿಂತರು. ನರ್ಸಮ್ಮನ ಕಣ್ಣಿಗೆ ಅದು ಬಿತ್ತು.

"ಯಾಕೆ, ಎದ್ದಿದ್ದಕ್ಕೇ ಏದುಸಿರಾ?"

"ವಯಸ್ಸಾಯ್ತಲ್ಲ ಸಿಸ್ಟರ್. ಐವತ್ತು ದಾಟ್ತು."

"ನಿಮಗಿಂತ ನಾನು ದೊಡ್ಡವಳು. ನನ್ನ ಮುಂದೆ ವಯಸ್ಸಿನ ಸುದ್ದಿ ಎತ್ತಬೇಡಿ. ದಿನಾ ಸ್ವಲ್ಪ ನಡೀತೀರಾ?"

"ನಡೆಯೋದು ಕೆಲಸ ಇಲ್ದೋರಿಗೆ ಬಿಡಿ." ಮಾಸ್ಟರು ಮತ್ತೆ ಕೂತು ಕೋಟನ್ನು ಸೂಜಿಯ ಕೆಳಗೆ ಸೇರಿಸಿದರು. "ನಾನು ಬೆಳಗಿಂದ ಸಂಜೆವರೆಗೆ ಮಿಷನ್ ತುಳೀತೀನಿ. ಕಾಲಿಗೆ ಇದಕ್ಕಿಂತ ಇನ್ನೇನು ವ್ಯಾಯಾಮ ಬೇಕು? ಬೇರೆಯೋರು ದುಡ್ಡು ಕೊಟ್ಟು ನಿಂತಲ್ಲೇ ಸೈಕಲ್ ತುಳೀತಾರಂತೆ. ನನಗೆ ತುಳಿದ್ರೆ ದುಡ್ಡು ಬರುತ್ತೆ. ಕೂತ್ಕೊಳಿ, ಒಂದೇ ಹೊಲಿಗೆ ಬಾಕಿ."

"ಅದೂ ಸರಿ," ಎಂದು ನರ್ಸಮ್ಮ ಕೂತರು.

ಯಂತ್ರ ಗುರ್ ಎಂದಿತು. ಅರ್ಧ ತೋಳು ಆಗುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಯಂತ್ರವೂ ನಿಂತಿತು.

"ಅಯ್ಯೋ, ಈಗ ಇನ್ನೆಷ್ಟು ಹೊತ್ತೋ," ಎಂದರು ಮಾಸ್ಟರು.

"ಕರೆಂಟ್ ಹೋದ್ರೆ ನಿಮಗೇನು? ನೀವು ತುಳಿಯೋರಲ್ವಾ?"

ನರ್ಸಮ್ಮ ಕುಹಕಕ್ಕೆ ಕೇಳಿದ್ದಲ್ಲ. ನಂಬಿಕೊಂಡೇ ಕೇಳಿದ್ದು. ಆದರೆ ಆ ಮಾತಿಗೆ ಮೂವರ ಕಣ್ಣೂ ಯಂತ್ರದ ಕೆಳಗೆ ಹೋಯಿತು. ತುಳಿಯುವ ಕಬ್ಬಿಣದ ಹಲಗೆ ಅಲ್ಲೇ ಇತ್ತು. ಅದರ ಮೇಲೆ ಚೂರು ಬಟ್ಟೆಯ ಗಂಟು, ಗಂಟಿನ ಮೇಲೆ ಮಾಸ್ಟರ ಚಪ್ಪಲಿ. ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಸ್ವಿಚ್ಚು. ಮಾಸ್ಟರ ಬಲಗಾಲಿನ ಹೆಬ್ಬೆರಳು ಇನ್ನೂ ಅದರ ಮೇಲೇ ಇತ್ತು.

ಯಂತ್ರಕ್ಕೆ ಮೋಟರು ಹಾಕಿಸಿ ಆರು ವರ್ಷವಾಗಿತ್ತು. ಆರ್ಡರು ಜಾಸ್ತಿಯಾದಾಗ ಮಾಸ್ಟರೇ ಹೋಗಿ ತಂದು ಜೋಡಿಸಿದ್ದರು. ಅಂದಿನಿಂದ ತುಳಿಯುತ್ತಿದ್ದುದು ಮೋಟರು. ಕಾಲಿಗೆ ಉಳಿದದ್ದು ಹೆಬ್ಬೆರಳು ಒತ್ತುವಷ್ಟು ಕೆಲಸ. ಬಾಯಿ ಮಾತ್ರ ಹಳೇ ರೂಢಿಯಂತೆ "ತುಳೀತೀನಿ, ತುಳೀತೀನಿ" ಎನ್ನುತ್ತಲೇ ಇತ್ತು. ಮೋಟರು ಬಂದದ್ದು ಗೊತ್ತಿದ್ದರೂ ಕೇಳಿ ಕೇಳಿ ಕಾಜಕ್ಕನೂ ಅದನ್ನೇ ನಂಬಿದ್ದಳು. ಪಕ್ಕದಲ್ಲೇ ಕೂತಿದ್ದರೂ ಒಂದು ದಿನವಾದರೂ ಅವಳು ಆ ಕಾಲಿನ ಕಡೆ ನೋಡಿರಲಿಲ್ಲ.

ಮಾಸ್ಟರ ಕಿವಿ ಕೆಂಪಾಯಿತು. "ಯಾಕಾಗಲ್ಲ, ತುಳೀತೀನಿ ನೋಡಿ," ಎಂದು ಹಲಗೆಯ ಮೇಲಿನ ಗಂಟು ಎತ್ತಿ ಬಿಸಾಡಿದರು. ಹಳೆಯ ಚರ್ಮದ ಬೆಲ್ಟನ್ನು ಹುಡುಕಿ ಚಕ್ರಕ್ಕೆ ಏರಿಸಿದರು. ಎರಡೂ ಪಾದ ಊರಿ ತುಳಿಯತೊಡಗಿದರು. ಟಕಟಕ, ಟಕಟಕ. ಎಷ್ಟೋ ಕಾಲದ ಮೇಲೆ ಆ ಸದ್ದು ಕೇಳಿ ಕಾಜಕ್ಕನಿಗೆ ಮದುವೆಯಾದ ಹೊಸತು ನೆನಪಾಯಿತು. ನಗು ಬಂತು.

ನಗು ತುಟಿ ತಲುಪುವ ಮೊದಲೇ ಟಕಟಕ ನಿಧಾನವಾಯಿತು. ಮಾಸ್ಟರ ಹಣೆಯಲ್ಲಿ ಬೆವರು. ಇನ್ನೊಂದು ಗೇಣು ಹೊಲಿಗೆ ಬಾಕಿ ಇರುವಾಗ ಮೀನಖಂಡ ಹಿಡಿದುಕೊಂಡಿತು. "ಅಮ್ಮಾ" ಎಂದು ಕಾಲು ಹಿಡಿದು ಬಗ್ಗಿದರು.

ನರ್ಸಮ್ಮ ತಕ್ಷಣ ನೆಲಕ್ಕೆ ಕೂತು, ಅವರ ಕಾಲು ನೀಡಿಸಿ, ಪಾದದ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿದರು. ನೋವು ಇಳಿಯಿತು. ಯಾರೂ ನಗಲಿಲ್ಲ.

"ಮುಂಚೆ ಈ ಕಾಲು ದಿನವಿಡೀ ತುಳೀತಿತ್ತಲ್ವಾ?" ಎಂದು ಕೇಳಿದರು.

"ಇಪ್ಪತ್ತು ವರ್ಷಕ್ಕೂ ಮೇಲೆ ಸಿಸ್ಟರ್. ಹಬೆ ಗಾಡಿ ಥರ."

"ಹಾಗಾದ್ರೆ ಕಾಲಿಗೆ ಬರಲ್ಲ ಅಂತಲ್ಲ. ಮರೆತುಹೋಗಿದೆ, ಅಷ್ಟೇ."

"ಆದ್ರೆ ಸಂಜೆ ಹೊತ್ತಿಗೆ ಮೈಯೆಲ್ಲ ಸೋತುಹೋಗುತ್ತಲ್ಲ. ಕೆಲಸಾನೇ ಮಾಡಿಲ್ಲ ಅಂದ್ರೆ ಹೇಗೆ?"

"ಕೆಲಸ ಮಾಡಿದ್ದೀರಿ. ಮೈ ಅಲುಗಿಸಿಲ್ಲ. ಎರಡೂ ಬೇರೆ ಬೇರೆ ಮಾಸ್ಟ್ರೇ." ನರ್ಸಮ್ಮ ಕೈ ಒರೆಸಿಕೊಂಡು ಕುರ್ಚಿಗೆ ಬಂದರು. "ಮೋಟರು ಹಾಕ್ಸಿದ್ದು ತಪ್ಪಲ್ಲ. ಎಲ್ಲರ ಮನೇಲೂ ಈಗ ಹಾಗೇ. ರುಬ್ಬೋದು ಮೋಟರು, ಬಟ್ಟೆ ಒಗೆಯೋದು ಮೋಟರು, ನಮ್ಮನ್ನ ಹೊತ್ಕೊಂಡು ಹೋಗೋದೂ ಮೋಟರು. ದುಡಿಯೋದು ಅದು, ದಣಿಯೋದು ನಾವು. ಒಂದೇ ಕಡೆ ಕೂತು ಕೂತು ದಣಿವಾಗುತ್ತೆ. ದಣಿವಾಯ್ತಲ್ಲ, ಹಾಗಾದ್ರೆ ವ್ಯಾಯಾಮ ಆಯ್ತು ಅಂದ್ಕೊಂಡ್ಬಿಡ್ತೀವಿ. ನಾಳೆ ಕೇಂದ್ರಕ್ಕೆ ಬನ್ನಿ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ ಅಂದ್ರೆ ಮೊದಲು ಎದೆ, ರಕ್ತ ಎಲ್ಲ ನೋಡ್ಬೇಕು. ಆಮೇಲೆ ನಡಿಗೆ."

ಮೆಟ್ಟಿಲು ಎಂಬ ಮಾತು ಕೇಳಿ ಮಾಸ್ಟರು ತಲೆ ತಗ್ಗಿಸಿದರು. ನರ್ಸಮ್ಮ ಸುಮ್ಮನೆ ಅಂದಾಜಿಗೆ ಅಂದಿದ್ದರು. ತಗುಲಿದ್ದು ಮಾತ್ರ ನೇರವಾಗಿ.

ಅವರು ಹೋದ ಮೇಲೂ ಕರೆಂಟು ಬರಲಿಲ್ಲ. ಮಬ್ಬಾದ ಕೋಣೆಯಲ್ಲಿ ಕಾಜಕ್ಕ ಗಂಡನ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

"ನನಗೆ ಅವಳ ಮನೆ ಮೆಟ್ಟಿಲು ಹತ್ತೋಕಾಗಲ್ಲ," ಎಂದರು ಮಾಸ್ಟರು. ಯಾರಿಗೋ ಹೇಳಿದ ಹಾಗೆ.

"ಗೊತ್ತು."

"ಗೊತ್ತಾ?"

"ಫೋನಲ್ಲಿ ಮಾತಾಡ್ತಿರುವಾಗ್ಲೇ ಫೋನು ರಿಂಗಾಯ್ತಲ್ಲ."

ಮಾಸ್ಟರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಇಷ್ಟು ದಿನ ಸುಮ್ನಿದ್ದೆಯಲ್ಲ ಮಾರಾಯ್ತಿ," ಎಂದರು. "ನೀನು ಒಂದು ಮಾತು ಆಡಿದ್ರೂ ನಾನು ಆವತ್ತೇ ಜಗಳ ತೆಗೀತಿದ್ದೆ."

"ಅದಕ್ಕೇ ಆಡ್ಲಿಲ್ಲ. ಈಗ ಆಡ್ತಿದ್ದೀನಿ. ಅವಳು ಅಳ್ತಿದ್ದಾಳೆ ರೀ. ಅಪ್ಪನಿಗೆ ನಾನು ಬೇಡವಾದೆ ಅಂದ್ಕೊಂಡಿದ್ದಾಳೆ. ನಾಳೆ ಕೇಂದ್ರಕ್ಕೆ ಹೋಗೋಣ."

ಮರುದಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಎದೆಯ ಪರೀಕ್ಷೆ ಮಾಡಿದರು, ರಕ್ತ ತೆಗೆಸಿದರು, ರಕ್ತದೊತ್ತಡ ನೋಡಿದರು. ಹೃದಯ ಗಟ್ಟಿಯಿದೆ. ಸಕ್ಕರೆ ಗಡಿಯಲ್ಲಿ ನಿಂತಿದೆ, ಒತ್ತಡ ಕೊಂಚ ಹೆಚ್ಚು. ಈಗ ಎಚ್ಚೆತ್ತರೆ ಹಿಂದೆ ಸರಿಯುತ್ತದೆ, ಮೆಲ್ಲಗೆ ಶುರುಮಾಡಿ ಎಂದರು. ಹೊರಗೆ ಬೆಂಚಿನ ಮೇಲೆ ನರ್ಸಮ್ಮ ಇಬ್ಬರನ್ನೂ ಕೂರಿಸಿಕೊಂಡರು.

"ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೀಬೇಕು. ವಾರದಲ್ಲಿ ಐದು ದಿನವಾದ್ರೂ. ಮೊದಲ ದಿನವೇ ಅಷ್ಟೂ ಬೇಡ, ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ ಹೋಗಿ. ಚುರುಕು ಅಂದ್ರೆ ಎಷ್ಟು ಅಂತೀರಾ? ನಡೀತಾ ಮಾತಾಡೋಕೆ ಆಗ್ಬೇಕು. ಹಾಡು ಹೇಳೋಕೆ ಆಗ್ಬಾರ್ದು."

"ಹಾಡು ಇವರಿಗೆ ಕೂತಿದ್ದಾಗ್ಲೂ ಆಗಲ್ಲ," ಎಂದಳು ಕಾಜಕ್ಕ.

"ಅರ್ಧ ಗಂಟೆ ಎಲ್ಲಿಂದ ತರ್ಲಿ ಸಿಸ್ಟರ್? ಬಾಗಿಲು ತೆಗೆಯೋ ಮೊದಲೇ ಗಿರಾಕಿ ನಿಂತಿರ್ತಾರೆ."

"ಒಟ್ಟಿಗೇ ಸಿಗಲ್ಲ ಅಂದ್ರೆ ಬೇಡ. ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು, ಸಂಜೆ ಹತ್ತು."

ಮಾಸ್ಟರು ಗಲ್ಲ ತುರಿಸಿಕೊಂಡರು. ಇದು ಅವರಿಗೆ ಅರ್ಥವಾಗುವ ಲೆಕ್ಕ. "ಅಂದ್ರೆ, ಹೊಸ ಥಾನಿಂದ ಬಟ್ಟೆ ಕತ್ತರಿಸ್ಬೇಕಾಗಿಲ್ಲ. ಉಳಿದ ಚೂರಲ್ಲೇ ಮಗೂಗೆ ಅಂಗಿ ಹೊಲಿದ ಹಾಗೆ."

"ಹಾಗೇನೇ. ಚೂರು ಎಲ್ಲೆಲ್ಲಿ ಬಿದ್ದಿದೆ ಅಂತ ನೀವೇ ಹುಡುಕ್ಕೊಳ್ಳಿ." ನರ್ಸಮ್ಮ ಕಾಜಕ್ಕನ ಕಡೆ ತಿರುಗಿದರು. "ನಿನ್ನ ಕತೆ ಏನಮ್ಮಾ?"

"ನನಗೇನಕ್ಕಾ, ನಾನು ಮನೆ ತುಂಬ ಓಡಾಡ್ತಾನೇ ಇರ್ತೀನಲ್ಲ."

"ಇವರೂ ತುಳೀತಾನೇ ಇದ್ರು."

ಕಾಜಕ್ಕ ಸಿಕ್ಕಿಬಿದ್ದಳು. ಬೆಂಚಿನ ಆಚೆ ತುದಿಯಲ್ಲಿ ಕೂತಿದ್ದ ಗುರುತಿಲ್ಲದವರೂ ನಕ್ಕರು. ನಿಜವೇ. ಒಲೆಯಿಂದ ಸ್ಟೂಲು, ಸ್ಟೂಲಿನಿಂದ ಒಲೆ. ಅದರ ಆಚೆ ಅವಳ ಓಡಾಟ ಯಾವುದೂ ಇರಲಿಲ್ಲ. ಬೆಳಿಗ್ಗೆ ಏಳುವಾಗ ಕತ್ತು ತಿರುಗುತ್ತಿರಲಿಲ್ಲ. ಅದು ಎಲ್ಲರಿಗೂ ಇರುವುದೇ ಎಂದುಕೊಂಡಿದ್ದಳು.

ಮೊದಲ ಚೂರು ಬೆಳಿಗ್ಗೆಯೇ ಸಿಕ್ಕಿತು. ಹಾಲು ತರುವುದಕ್ಕೆ ಮಾಸ್ಟರು ಸ್ಕೂಟರು ತೆಗೆಯುತ್ತಿದ್ದರು. ಅದನ್ನು ನಿಲ್ಲಿಸಿ ಇಬ್ಬರೂ ನಡೆದು ಹೊರಟರು. ಬೀದಿಯ ತಿರುವಿನಲ್ಲಿ ಇಸ್ತ್ರಿ ಗಾಡಿಯವನು ಇದ್ದಿಲು ಊದುತ್ತಿದ್ದ. ಇಬ್ಬರನ್ನೂ ನೋಡಿ ಊದುವುದನ್ನು ನಿಲ್ಲಿಸಿದ.

"ಏನ್ ಮಾಸ್ಟ್ರೇ, ಸಾಲಗಾರರು ಅಟ್ಟಿಸ್ಕೊಂಡು ಬರ್ತಿದ್ದಾರಾ?"

ಮರುದಿನ, "ಅಕ್ಕ ಮುಂದೆ, ಮಾಸ್ಟ್ರು ಹಿಂದೆ. ಮನೇಲೂ ಹೀಗೇನಾ?" ಎಂದ.

ಮಾಸ್ಟರಿಗೆ ಕೋಪ ಬಂತು. ಬೇರೆ ಬೀದಿಯಲ್ಲಿ ಹೋಗೋಣ ಎಂದರು. ಕಾಜಕ್ಕ ಒಪ್ಪಲಿಲ್ಲ. "ಅವನು ನಮ್ಮ ಗಿರಾಕಿಗಳ ಬಟ್ಟೆ ಇಸ್ತ್ರಿ ಮಾಡೋನು. ನಮ್ಮನ್ನೂ ಸ್ವಲ್ಪ ಇಸ್ತ್ರಿ ಮಾಡ್ಲಿ ಬಿಡಿ," ಎಂದಳು.

ಆದರೆ ಅವಳಿಗೇ ಒಂದು ತೊಡಕಿತ್ತು. ಬೆಳಿಗ್ಗೆ ನಡೆದು ಬಂದರೆ ತಿಂಡಿ ತಡ, ತಿಂಡಿ ತಡವಾದರೆ ಅಂಗಡಿ ತಡ. ನಾಲ್ಕನೇ ದಿನಕ್ಕೆ ಅವಳು "ನೀವೊಬ್ರೇ ಹೋಗಿ ಬನ್ನಿ, ನನಗೆ ಒಲೆ ಮುಂದೆ ಕೆಲಸ ಇದೆ" ಎಂದು ಹಿಂದೆ ಉಳಿದಳು. ಮಾಸ್ಟರು ಬಾಗಿಲವರೆಗೆ ಹೋದವರು ತಿರುಗಿ ಬಂದರು. ಅಡುಗೆಮನೆಯ ನೆಲದ ಮೇಲೆ ಕೂತು ಚಾಕು, ಹುರುಳಿಕಾಯಿ ಎಳೆದುಕೊಂಡರು.

"ನೀವೇನ್ ಮಾಡ್ತೀರಿ?"

"ಮೂವತ್ತು ವರ್ಷ ಕತ್ತರಿ ಹಿಡಿದಿದ್ದೀನಿ. ಕಾಯಿ ಹೆಚ್ಚೋಕೆ ಬರಲ್ವಾ?"

ಬಂತು. ಒಂದೊಂದು ತುಂಡೂ ಟೇಪು ಹಿಡಿದು ಕತ್ತರಿಸಿದ ಹಾಗಿತ್ತು. ಆದರೆ ನಾಲ್ಕು ಕಾಯಿ ಮುಗಿಯುವಷ್ಟರಲ್ಲಿ ಕಾಜಕ್ಕನ ತಾಳ್ಮೆ ಮುಗಿಯಿತು. "ಇದು ಕೋಟಲ್ಲ ರೀ, ಪಲ್ಯ. ಬೇಗ ಬೇಗ," ಎಂದಳು. ಎರಡು ಕೈ ನಾಲ್ಕಾದಾಗ ಕೆಲಸ ಬೇಗ ಮುಗಿಯಿತು. ಇಬ್ಬರೂ ಒಟ್ಟಿಗೇ ಹೊರಟರು. ಅಂದಿನಿಂದ ಹೆಚ್ಚುವುದು ಅವರ ಪಾಲಿನ ಕೆಲಸವಾಯಿತು. ಮದುವೆಯಾದ ಇಷ್ಟು ವರ್ಷದಲ್ಲಿ ತನಗೆ ಯಾರೋ ಒಂದು ಹೊತ್ತು ಕೊಟ್ಟರು ಎಂದು ಕಾಜಕ್ಕನಿಗೆ ಅನಿಸಿದ್ದು ಆವತ್ತು. ಬಾಯಿಬಿಟ್ಟು ಹೇಳಲು ಸಂಕೋಚ. ದಾರಿಯುದ್ದಕ್ಕೂ ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದಳು, ಅಷ್ಟೇ.

ಎರಡನೇ ಚೂರು ಸಿಕ್ಕಿದ್ದು ಬಾಬಿನ್ನಿನಲ್ಲಿ. ಯಂತ್ರದ ಕೆಳದಾರ ಸುತ್ತಿರುವ ಪುಟ್ಟ ಉರುಳೆ ಅದು, ಆಗಾಗ ಖಾಲಿಯಾಗುತ್ತದೆ. ಸುತ್ತಿಟ್ಟ ಬಾಬಿನ್ನುಗಳ ಡಬ್ಬಿಯನ್ನು ಮಾಸ್ಟರು ಕೈಗೆಟುಕುವಲ್ಲೇ ಇಟ್ಟುಕೊಂಡಿದ್ದರು. ಕಾಜಕ್ಕ ಅದನ್ನು ಒಳಮನೆಯ ಎತ್ತರದ ಗೂಡಿಗೆ ಸಾಗಿಸಿದಳು. ಈಗ ಬಾಬಿನ್ ಖಾಲಿಯಾದಾಗಲೆಲ್ಲ ಏಳಬೇಕು, ನಡೆಯಬೇಕು, ಕೈ ಚಾಚಬೇಕು. ಅವರು ಎದ್ದಾಗ ಅವಳೂ ಎದ್ದು ಕತ್ತು, ಭುಜ ತಿರುಗಿಸುತ್ತಿದ್ದಳು. ಮೂರನೇ ಚೂರು ಸಂಜೆಯದು. ಹೊಲಿದ ಬಟ್ಟೆಗೆ ಗಿರಾಕಿಗಳು ಬರಲಿ ಎಂದು ಕಾಯುವ ಬದಲು, ಹತ್ತಿರದ ಮನೆಗಳಿಗೆ ಮಾಸ್ಟರೇ ನಡೆದುಹೋಗಿ ಕೊಟ್ಟು ಬರತೊಡಗಿದರು. ಅವರ "ನಾಳೆ" ನಿಜವಾಗಿಯೂ ನಾಳೆಯೇ ಬರುವುದನ್ನು ಕಂಡು ಬೀದಿಯವರು ಬೆರಗಾದರು.

ಎಲ್ಲ ನೆಟ್ಟಗೆ ನಡೆಯಿತು ಎಂದೇನಲ್ಲ. ಶಾಲೆ ಶುರುವಾಗುವ ಮುಂಚಿನ ವಾರ ಕೆಲಸ ಕತ್ತಿನವರೆಗೆ ಬಂತು. "ಇವತ್ತೊಂದು ದಿನ ಬೇಡ" ಎಂದರು ಮಾಸ್ಟರು. ಮರುದಿನವೂ ಅದನ್ನೇ ಅಂದರು. ಕಾಜಕ್ಕನಿಗೂ ಸೋಮಾರಿತನ ಹಿತವೆನಿಸಿತು. ಬಾಬಿನ್ ಡಬ್ಬಿ ತನ್ನಷ್ಟಕ್ಕೆ ತಾನೇ ಯಂತ್ರದ ಪಕ್ಕಕ್ಕೆ ಬಂದು ಕೂತಿತು. ಮೂರನೇ ಬೆಳಿಗ್ಗೆ ಬಾಗಿಲಲ್ಲಿ ಇಸ್ತ್ರಿಯವನು ನಿಂತಿದ್ದ.

"ಏನಾಯ್ತು? ಮೈ ಹುಷಾರಿಲ್ವಾ?"

"ಕೆಲಸ ಕಣೋ," ಎಂದರು ಮಾಸ್ಟರು.

"ನೀವು ಹಾದು ಹೋಗೋದು ನೋಡಿ ನಾನು ಇದ್ದಿಲು ಹೊತ್ತಿಸೋದು ರೂಢಿಯಾಗ್ಬಿಟ್ಟಿದೆ. ಎರಡು ದಿನದಿಂದ ನಂದೂ ತಡ. ಗಿರಾಕಿಗಳು ಬೈತಿದ್ದಾರೆ. ಬನ್ನಿ ಮಾರಾಯ್ರೇ."

ಗೇಲಿ ಮಾಡಿದವನೇ ಕರೆಯಲು ಬಂದಿದ್ದ. ಮಾಸ್ಟರು ಚಪ್ಪಲಿ ಮೆಟ್ಟಿದರು. ಆ ವಾರ ದೂರ ನಡೆಯಲಿಲ್ಲ, ಇಸ್ತ್ರಿ ಗಾಡಿಯವರೆಗೆ ಹೋಗಿ ಬಂದರು. ಆದರೆ ಬಿಡಲಿಲ್ಲ. ದಾರ ಕಡಿಯದಿದ್ದರೆ ಸಾಕು, ಹೊಲಿಗೆ ಮುಂದುವರಿಸಬಹುದು.

ಶಾಲೆಗಳು ಶುರುವಾದವು. ಯೂನಿಫಾರಂ ರಾಶಿ ಕರಗಿತು. ಒಂದು ರಜೆಯ ದಿನ ಬೆಳಿಗ್ಗೆ ಮಾಸ್ಟರು ಹಾಲು ಇಟ್ಟು, ಚಪ್ಪಲಿ ಬಿಚ್ಚದೆ ಹೊಸ್ತಿಲಲ್ಲೇ ನಿಂತರು.

"ಹೋಗೋಣ," ಎಂದರು. ಎಲ್ಲಿಗೆ ಎಂದು ಕಾಜಕ್ಕ ಕೇಳಲಿಲ್ಲ.

ಮಗಳಿಗೆ ಫೋನು ಮಾಡಲಿಲ್ಲ. ಹತ್ತಲಾಗದಿದ್ದರೆ ಹಾಗೇ ತಿರುಗಿ ಬರಬಹುದು ಎಂದು ಮಾಸ್ಟರ ಲೆಕ್ಕ. ಕಟ್ಟಡದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರು. ಕಂಬಿ ಹಿಡಿದು ಹತ್ತತೊಡಗಿದರು. ಮೊದಲ ಮಹಡಿ ಆಯಿತು. ಎರಡನೆಯದರ ತಿರುವಿನಲ್ಲಿ ಹೆಜ್ಜೆ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಮೂರನೆಯದಕ್ಕೆ ಬಂದು ನಿಂತರು.

"ಸ್ವಲ್ಪ ಉಸಿರು ತಗೋತೀನಿ," ಎಂದರು.

ಎಷ್ಟು ಸುಲಭದ ಮಾತು. ಅದೊಂದು ಮಾತು ಆಡಲಾಗದೆ ಮಗಳಿಂದ ಇಷ್ಟು ದಿನ ದೂರ ಇದ್ದರಲ್ಲ ಎಂದು ಕಾಜಕ್ಕನಿಗೆ ಅನಿಸಿತು. "ತಗೊಳ್ಳಿ, ನನಗೂ ಬೇಕು," ಎಂದು ಅವಳೂ ನಿಂತಳು.

ನಾಲ್ಕನೇ ಮಹಡಿಯ ಬಾಗಿಲು ತೆರೆದಾಗ ಮಗಳ ತಲೆ ಕೆದರಿತ್ತು. ಸೊಂಟದ ಮೇಲೆ ಮಗು ಅಳುತ್ತಿತ್ತು. ಅವಳು ಅಪ್ಪನನ್ನು ನೋಡಿದಳು, ಅಪ್ಪನ ಹಿಂದಿನ ಮೆಟ್ಟಿಲುಗಳನ್ನು ನೋಡಿದಳು.

"ಅಪ್ಪಾ... ಹೇಳ್ಲೇ ಇಲ್ಲ?"

"ಮೊದಲು ಒಂದು ಮಾತು ಹೇಳ್ಬಿಡ್ತೀನಿ ಇರು." ಮಾಸ್ಟರು ಬಾಗಿಲ ಚೌಕಟ್ಟಿಗೆ ಕೈಯೂರಿದರು. "ನಿನ್ನ ಮೇಲೆ ನನಗೆ ಯಾವತ್ತೂ ಕೋಪ ಇರ್ಲಿಲ್ಲ. ಈ ಮೆಟ್ಟಿಲು ಹತ್ತೋಕೆ ಆಗ್ತಿರ್ಲಿಲ್ಲ. ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಕೆಲಸ, ಕೆಲಸ ಅಂದೆ."

ಮಗಳು ಅಳುವ ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿದಳು. "ಇಷ್ಟೇನಾ? ನಾನು ಏನೇನೋ ಅಂದ್ಕೊಂಡು ದಿನಾ ಅತ್ತಿದ್ದೀನಿ. ಹೇಳಿದ್ರೆ ನಿಮ್ಮನ್ನ ಕೆಳಗೆ ಕೂರಿಸಿ, ನಾನೇ ಇಳಿದು ಬರ್ತಿದ್ನಲ್ಲ ಅಪ್ಪಾ."

"ಗೊತ್ತು. ನೀನು ಇಳಿದು ಬರೋದು ಬೇಡ, ನಾನೇ ಹತ್ತಿ ಬರ್ಬೇಕು ಅನ್ನಿಸ್ತು."

ಒಳಗೆ ಕೂತು ನೀರು ಕುಡಿದರು. ಮಗು ಮಾಸ್ಟರ ಮೂಗು ಹಿಡಿದು ಎಳೆಯಿತು. ಮಗಳು ಓಡಾಡುವುದನ್ನು ಮಾಸ್ಟರು ಸುಮ್ಮನೆ ನೋಡುತ್ತಿದ್ದರು. ಬಗ್ಗಿದರೆ ಸೊಂಟ ಹಿಡಿಯುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು. ಅಳತೆ ತೆಗೆಯುವ ಕಣ್ಣಿಗೆ ಭುಜ ಇಳಿದಿರುವುದು ತಪ್ಪಲಿಲ್ಲ.

"ನೀನು ಹೊರಗೆ ಹೋಗಿ ಎಷ್ಟು ದಿನ ಆಯ್ತಮ್ಮಾ?"

"ಮಗೂನ ಯಾರಿಗೆ ಕೊಟ್ಟು ಹೋಗ್ಲಿ? ಇವ್ರು ಕೆಲಸದಿಂದ ಬರೋ ಹೊತ್ತಿಗೆ ಕತ್ತಲಾಗಿರುತ್ತೆ. ಇವತ್ತು ರಜಾ ದಿನಾನೂ ಇವ್ರನ್ನ ಕೆಲಸಕ್ಕೆ ಕರೆದಿದ್ದಾರೆ. ಆ ಕಿಟಕೀಲಿ ನಿಂತು ಬೀದಿ ನೋಡ್ತೀನಿ, ಅಷ್ಟೇ."

ಮಾಸ್ಟರು ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದರು. "ಚಪ್ಪಲಿ ಹಾಕ್ಕೋ. ಕೆಳಗಿಳಿದು ಅರ್ಧ ಗಂಟೆ ನಡೆದು ಬಾ. ಮಗು ನನ್ನ ಹತ್ರ ಇರ್ಲಿ."

"ಈಗಾ? ಅಡುಗೆ..."

"ನಾನು ಹೆಚ್ಚಿಕೊಡ್ತೀನಿ, ನಿಮ್ಮಮ್ಮ ಬೇಯಿಸ್ತಾಳೆ."

"ಮಗು ಅತ್ರೆ?"

"ಅಳ್ಲಿ. ಚಿಕ್ಕೋಳಿದ್ದಾಗ ನೀನು ಕಮ್ಮಿ ಅತ್ತಿದ್ದೀಯಾ? ಎತ್ಕೊಂಡು ಸಾಕಿಲ್ವಾ?"

ಮಗಳು ಅಮ್ಮನ ಮುಖ ನೋಡಿದಳು. ಕಾಜಕ್ಕ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟಳು. ಮಗಳು ಅದನ್ನು ಮೆಟ್ಟಿ, ಕೂದಲನ್ನು ಒಂದು ಗಂಟು ಹಾಕಿ, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಅಪ್ಪನ ಭುಜಕ್ಕೆ ಹಣೆಯಿಟ್ಟು ಹೋದಳು.

ಮೂವರೂ ಕಿಟಕಿಗೆ ಬಂದರು, ಮಗು ಮಧ್ಯದಲ್ಲಿ. ಕೆಳಗೆ ಮಗಳು ಗೇಟಿನಾಚೆ ಬಂದಳು. ಬರಿಗೈಗಳನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ ಒಂದು ಗಳಿಗೆ ನಿಂತಳು. ಆಮೇಲೆ ಬಿಸಿಲಿಗೆ ಮುಖ ಮಾಡಿ ನಡೆಯತೊಡಗಿದಳು. ಹತ್ತಾರು ಹೆಜ್ಜೆಯಾಗುವಷ್ಟರಲ್ಲಿ ಕೈಗಳು ತಾವೇ ಬೀಸತೊಡಗಿದವು. ಶಾಲೆಗೆ ಹೋಗುವಾಗ ಹೀಗೇ ನಡೆಯುತ್ತಿದ್ದಳು.

ಕಾಜಕ್ಕ ಯಾರ್ಯಾರನ್ನೋ ನೆನೆದಳು. ನೆಲಕ್ಕೆ ಕೂತು ಕಾಲು ಹಿಡಿದ ನರ್ಸಮ್ಮನನ್ನು. ಗೇಲಿ ಮಾಡುತ್ತಲೇ ಕರೆಯಲು ಬಂದ ಇಸ್ತ್ರಿಯವನನ್ನು. ಪಕ್ಕದಲ್ಲಿ ಮಗು ಹೊತ್ತು ನಿಂತಿದ್ದ ಆ ಎರಡು ಕಾಲುಗಳನ್ನು. ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಂದು ಸಲ ನಿಮ್ಮ ದಿನವನ್ನೂ ಬಗ್ಗಿ ನೋಡಿ. ದಣಿಯುತ್ತಿರುವುದು ನೀವು, ಆದರೆ ಮೈ ಅಲುಗಿಸುತ್ತಿರುವುದು ಯಾರು? ಎದೆನೋವು, ಏದುಸಿರು, ತಲೆಸುತ್ತು ಇದ್ದರೆ ಮುಚ್ಚಿಡಬೇಡಿ, ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಮೇಲೆ ಚೂರುಪಾರು ಹೊತ್ತನ್ನು ಹೆಕ್ಕಿ ಕೂಡಿಸಿ. ಇಂದು ಹತ್ತು ನಿಮಿಷ ಸಿಕ್ಕರೆ ಇಂದೇ ನಡೆಯಿರಿ. ನಡುವೆ ತಪ್ಪಿದರೆ ಮತ್ತೆ ಹಿಡಿಯಿರಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಕಿಟಕಿಯಲ್ಲಿ ನಿಂತು ಬೀದಿ ನೋಡುವವರು ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಬಿಡುವು ತಾನಾಗಿ ಬರುವುದಿಲ್ಲ, ಯಾರಾದರೂ ಕೊಡಬೇಕು. ಅವರ ಕೈಯಲ್ಲಿರುವ ಮಗುವನ್ನೋ ಚಾಕುವನ್ನೋ ಅರ್ಧ ಗಂಟೆ ನೀವು ಹಿಡಿದುಕೊಳ್ಳಿ. ಚಪ್ಪಲಿ ತಂದು ಅವರ ಮುಂದಿಡಿ. ಹೋಗಿ ಬಾ ಎನ್ನಿ.